ಅಬ್ದೆರಾ ಡೆಂಟಲ್ ಲ್ಯಾಬ್

ಬೆಳಿಗ್ಗೆ ಬಂದ ಕೂಡಲೇ ನನ್ನ ಮೊದಲ ಕೆಲಸ ಹಲ್ಲು ತೊಳೆಯುವುದು. ನನ್ನದಲ್ಲ, ಊರವರದ್ದು. ಹಿಂದಿನ ದಿನ ಪಾಲಿಶ್ ಆದ ಕಟ್ಟುಹಲ್ಲಿನ ಸೆಟ್ಟುಗಳು ಪ್ಲಾಸ್ಟಿಕ್ ಟಬ್ಬಿನ ನೀರಿನಲ್ಲಿ ಮುಳುಗಿರುತ್ತವೆ. ಒಂದೊಂದನ್ನೇ ಎತ್ತಿ, ಹಲ್ಲಿನ ಸಂದಿಯಲ್ಲಿ ಕೂತ ಬೂದು ಪುಡಿಯನ್ನು ಮೆತ್ತನೆಯ ಬ್ರಷ್ಷಿನಿಂದ ಬಿಡಿಸಿ, ನಲ್ಲಿಯ ಕೆಳಗೆ ಹಿಡಿದು, ಕಿಟಕಿ ಪಕ್ಕದ ಮೇಜಿನ ಮೇಲೆ ಸಾಲಾಗಿ ಇಡುತ್ತೇನೆ. ಆ ಹೊತ್ತಿಗೆ ಲ್ಯಾಬಿನಲ್ಲಿ ಬೇರೆ ಯಾರೂ ಇರುವುದಿಲ್ಲ. ನಲ್ಲಿಯ ಸದ್ದು, ಬ್ರಷ್ಷಿನ ಸದ್ದು, ಅಷ್ಟೇ. ಒಂಬತ್ತೂವರೆಗೆ ಹನ್ನೆರಡು ಸೆಟ್ಟು, ಎಂದರೆ ಇಪ್ಪತ್ತನಾಲ್ಕು ದವಡೆ, ಬೆಳಕಿಗೆ ಮುಖ ಮಾಡಿ ಹಲ್ಲು ಕಿರಿಯುತ್ತ ಕೂತಿರುತ್ತವೆ. ಬಾಯಿಲ್ಲದೆ ಹಲ್ಲು ಕಿರಿಯುವುದು ಹೇಗೆಂದು ನೋಡಬೇಕಾದವರು ಆಗ ಬರಬೇಕು. ಹತ್ತರ ನಂತರ ಬಂದರೆ ಬಾಯಿ ಇರುವವರೂ ಅದನ್ನೇ ಮಾಡುವುದನ್ನು ನೋಡಬಹುದು.

ಒದ್ದೆ ಸೆಟ್ಟಿನ ಕೆಳಗೆ ಕಾಗದ ಹಾಸಬೇಕು. ಅದಕ್ಕೆ ನಾವು ಬಳಸುವುದು ಇಂಗ್ಲಿಷ್ ಪದಗಳನ್ನು. ನಮ್ಮ ಹೆಚ್ಚಿನ ಸೆಟ್ಟುಗಳನ್ನು ಕೊಳ್ಳುವ ಹಲ್ಲಿನ ಡಾಕ್ಟರಮ್ಮ ಹೊಸ ವರ್ಷಕ್ಕೆ, ತಮ್ಮ ಕ್ಲಿನಿಕ್ಕಿನಲ್ಲಿರುವಂಥದ್ದೇ ಒಂದು ದಪ್ಪ ಕ್ಯಾಲೆಂಡರ್ ತಂದುಕೊಟ್ಟಿದ್ದರು. ದಿನಕ್ಕೊಂದು ಹಾಳೆ, ಹಾಳೆಗೊಂದು ಪದ. ಅದೂ ಯಾರೂ ಬಳಸದ, ಬಳಸಿದರೆ ಯಾರಿಗೂ ತಿಳಿಯದ ಪದ. ಮುಂಬದಿಯಲ್ಲಿ ದಪ್ಪಕ್ಷರದಲ್ಲಿ ಪದ, ಕೆಳಗೆ ಒಂದು ಸಾಲು ಅರ್ಥ. ಹಿಂಬದಿಯಲ್ಲಿ ಇರುವೆಯಂಥ ಅಕ್ಷರಗಳಲ್ಲಿ ಅದರ ಕಥೆ. ಪ್ರತಿದಿನ ಹತ್ತಕ್ಕೆ ಸರಿಯಾಗಿ ಯಜಮಾನರು ತಮ್ಮ ಗಾಜಿನ ಕೋಣೆಯಿಂದ ಹೊರಗೆ ಬಂದು, ಆ ದಿನದ ಹಾಳೆ ಹರಿದು, ಮುಂಬದಿಯನ್ನು ಜೋರಾಗಿ ಓದುತ್ತಾರೆ. ಆಮೇಲೆ ಹಾಳೆ ನನ್ನದು.

ಇಂಗ್ಲಿಷ್ ನಮ್ಮ ಯಜಮಾನರಿಗೆ ಮುಂದಿನ ಹಲ್ಲುಗಳಷ್ಟು ಬರುತ್ತದೆ. ನಕ್ಕಾಗ ಕಾಣಿಸುವಷ್ಟು. ಅಗಿಯುವ ಹಲ್ಲು ಯಾರಿಗೂ ಕಾಣುವುದಿಲ್ಲವಾದ್ದರಿಂದ ಅವರು ಅದರ ಚಿಂತೆ ಮಾಡಿಲ್ಲ.

ಪದ ಓದಿದ ಮೇಲೆ ಅವರು ಅದನ್ನು ನಮ್ಮಲ್ಲಿ ಒಬ್ಬರಿಗೆ ಅಂಟಿಸಿ ಒಂದು ಜೋಕು ಹೇಳುತ್ತಾರೆ. ನಾವು ನಗುತ್ತೇವೆ. ನಾವು ಎಂದರೆ ಅವರು. ಮೇಣದಲ್ಲಿ ಹಲ್ಲು ಜೋಡಿಸುವ ಅಕ್ಕ, ಅವಳನ್ನು ಎಲ್ಲರೂ ಮೇಣದಕ್ಕ ಎನ್ನುತ್ತಾರೆ, ಬಾಯಿಗೆ ಕೈ ಅಡ್ಡ ಹಿಡಿದು ಹೆಗಲಲ್ಲೇ ನಗುತ್ತಾಳೆ. ಅಚ್ಚು ಹೊಯ್ಯುವ ಪ್ಲಾಸ್ಟರ್ ಅಣ್ಣ ತೊಡೆ ತಟ್ಟಿಕೊಂಡು ನಗುತ್ತಾನೆ. ಸಂಜೆ ಅವನ ಪ್ಯಾಂಟಿನ ಮೇಲಿನ ಬಿಳಿ ಹಸ್ತಗಳನ್ನು ನೋಡಿದರೆ ಆ ದಿನ ಜೋಕಿನ ಫಸಲು ಹೇಗಿತ್ತೆಂದು ಹೇಳಬಹುದು. ಆದರೆ ಮೊದಲು ನಗುವವರು ನನ್ನ ಚಿಕ್ಕಪ್ಪ. ಜೋಕು ಮುಗಿಯುವ ಮೊದಲೇ, ಕೆಲವು ದಿನ ಶುರುವಾಗುವ ಮೊದಲೇ, ಅವರ ನಗು ಹೊರಟಿರುತ್ತದೆ. ಇಪ್ಪತ್ತೆರಡು ವರ್ಷದ ಅನುಭವ. ಚಿಕ್ಕಪ್ಪ ನಕ್ಕರೆ ಉಳಿದವರಿಗೆ ಇದು ಜೋಕು ಎಂದು ತಿಳಿಯುತ್ತದೆ.

ನಾನು ನಗುವುದಿಲ್ಲ. ಸೊಕ್ಕಲ್ಲ. ನನಗೆ ನಾಲ್ಕು ಜನರೆದುರು ಬಾಯಿ ತೆರೆಯಲು ಬರುವುದಿಲ್ಲ, ಅಷ್ಟೇ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟಾಗಲೂ ಬಿಡುತ್ತೇನೆಂದು ಟೀಚರಿಗೆ ಹೇಳಲು ಆಗದೆ ಸುಮ್ಮನೆ ಹೋಗುವುದನ್ನು ನಿಲ್ಲಿಸಿದೆ. ನಗು ಬರುವುದೇ ಇಲ್ಲವೆಂದೂ ಅಲ್ಲ. ಬರುತ್ತದೆ, ಬಸ್ಸಿಳಿದು ಮನೆಗೆ ನಡೆಯುವಾಗ, ಒಬ್ಬಳಿಗೇ, ಏಳೆಂಟು ಗಂಟೆ ತಡವಾಗಿ. ಲ್ಯಾಬಿನಲ್ಲಿ ನನ್ನ ಹೆಸರು ಸೀರಿಯಸಮ್ಮ. ಇಟ್ಟವರು ಯಜಮಾನರು. ಅದೂ ಒಂದು ಜೋಕಾಗಿತ್ತು. ಮೂರು ವರ್ಷದಿಂದ ಅದೇ ಜೋಕಾಗಿದೆ.

ಇನ್ನು ಫ್ಯಾನಿನ ವಿಷಯ.

ಅಚ್ಚಿನಿಂದ ಹೊರಬಂದ ಸೆಟ್ಟು ಒರಟಾಗಿರುತ್ತದೆ. ಅಂಚಿನಲ್ಲಿ, ಒಸಡಿನ ಮೇಲೆ ಬೇಡದ್ದೆಲ್ಲ ಅಂಟಿಕೊಂಡಿರುತ್ತದೆ. ಅದನ್ನು ಗಿರ್ರನೆ ತಿರುಗುವ ಸಣ್ಣ ಉಜ್ಜುಗಲ್ಲಿಗೆ ಹಿಡಿದು ಸವೆಸಬೇಕು. ಅದು ಚಿಕ್ಕಪ್ಪನ ಕೆಲಸ. ಸವೆಸುವಾಗ ಒಸಡಿನ ಬಣ್ಣದ ಪುಡಿ ಹೊಗೆಯಂತೆ ಎದ್ದು ಬರುತ್ತದೆ. ಅದನ್ನು ಎಳೆದು ಬೀದಿಗೆ ಹಾಕಲೆಂದೇ ಚಿಕ್ಕಪ್ಪನ ಬೆಂಚಿನ ಮೇಲೆ, ಮುಂದಿನ ಗೋಡೆಯಲ್ಲಿ, ದುಂಡನೆಯ ತೂತು ಕೊರೆದು ಎಕ್ಸಾಸ್ಟ್ ಫ್ಯಾನ್ ಕೂರಿಸಿದ್ದಾರೆ. ಫ್ಯಾನು ಎಂಟು ತಿಂಗಳ ಹಿಂದೆ ನಿಂತಿತು. ಅಂದಿನಿಂದ ಚಿಕ್ಕಪ್ಪನ ಹುಬ್ಬು ಗುಲಾಬಿ, ಕಿವಿಯ ಕೂದಲು ಗುಲಾಬಿ, ಕರವಸ್ತ್ರದಲ್ಲಿ ಕೆಮ್ಮಿದ್ದೂ ಗುಲಾಬಿ.

ಎಲೆಕ್ಟ್ರಿಶಿಯನ್ ಒಮ್ಮೆ ಬಂದಿದ್ದ. ಫ್ಯಾನ್ ಬಿಚ್ಚಿ, ಪುಡಿ ಕಟ್ಟಿ ಮೋಟರ್ ಸುಟ್ಟಿದೆ, ಹೊಸದು ಹಾಕಬೇಕು ಎಂದ. ಅದಕ್ಕೆ ಯಜಮಾನರು, ಫ್ಯಾನಿಗೂ ವಯಸ್ಸಾಯಿತು, ಅದಕ್ಕೂ ಒಂದು ಸೆಟ್ ಹಲ್ಲು ಕಟ್ಟೋಣ ಎಂದರು. ಚಿಕ್ಕಪ್ಪ ನಕ್ಕರು. ಎಲ್ಲರೂ ನಕ್ಕರು. ಎಲೆಕ್ಟ್ರಿಶಿಯನ್ನೂ ನಕ್ಕು, ಫ್ಯಾನನ್ನು ಇದ್ದ ಹಾಗೇ ಸಿಕ್ಕಿಸಿ ಹೋದ. ನಮ್ಮಲ್ಲಿ ಯಾವ ಮಾತನ್ನೂ ಯಜಮಾನರು ಆಗುವುದಿಲ್ಲ ಎಂದು ತಳ್ಳಿಹಾಕುವುದಿಲ್ಲ. ಒಂದು ಜೋಕು ಹೇಳುತ್ತಾರೆ. ನಗು ಮುಗಿಯುವ ಹೊತ್ತಿಗೆ ಮಾತು ಏನಿತ್ತೆಂದು ಕೇಳಿದವನಿಗೇ ಮರೆತಿರುತ್ತದೆ.

ಚಿಕ್ಕಪ್ಪನಿಗೆ ಬಟ್ಟೆಯ ಮಾಸ್ಕ್ ಒಂದಿದೆ. ಆದರೆ ಮಾಸ್ಕಿನೊಳಗೆ ನಕ್ಕರೆ ಹೊರಗೆ ಕಾಣುವುದಿಲ್ಲ. ಕಾಣದ ನಗುವನ್ನು ಲೆಕ್ಕಕ್ಕೆ ಹಿಡಿಯುತ್ತಾರೋ ಇಲ್ಲವೋ ಎಂಬ ಅನುಮಾನಕ್ಕೆ ಹತ್ತು ಗಂಟೆಗೆ ಅದನ್ನು ಗದ್ದಕ್ಕೆ ಇಳಿಸುತ್ತಾರೆ. ಆಮೇಲೆ ಮೇಲೇರಿಸುವುದು ನೆನಪಾಗುವುದಿಲ್ಲ.

ಹೋದ ತಿಂಗಳು ಅರ್ಧ ದಿನ ರಜೆ ಹಾಕಿ ಎದೆಯ ಡಾಕ್ಟರ ಹತ್ತಿರ ಹೋದೆವು. ಜೊತೆಗೆ ನಾನಿದ್ದೆ. ಅಪ್ಪ ಹೋದ ಮೇಲೆ ನನ್ನನ್ನು ಸಾಕಿದವರು ಚಿಕ್ಕಪ್ಪ. ನಾನು ಶಾಲೆ ಬಿಟ್ಟಾಗ ಬೈಯದೆ, ಕೆಲವು ವರ್ಷ ಮನೆಯಲ್ಲಿ ಸುಮ್ಮನಿರಲು ಬಿಟ್ಟು, ಆಮೇಲೆ ಕೈ ಹಿಡಿದು ಲ್ಯಾಬಿಗೆ ತಂದು ಕೂರಿಸಿದವರೂ ಅವರೇ. ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದರು. ಒಂದೋ ಪುಡಿ ಹೋಗಬೇಕು, ಇಲ್ಲ ನೀವು ಪುಡಿಯನ್ನು ಬಿಟ್ಟು ಹೋಗಬೇಕು ಎಂದರು. ಹೀಗೇ ಇನ್ನಾರು ತಿಂಗಳು ಕಳೆದರೆ ಮೆಟ್ಟಿಲು ಹತ್ತುವುದೂ ಕಷ್ಟ ಎಂದರು. ಚಿಕ್ಕಪ್ಪ ಅಭ್ಯಾಸಬಲದಿಂದ ನಕ್ಕರು. ಆ ಡಾಕ್ಟರು ನಗಲಿಲ್ಲ. ಬೇರೆ ಕಡೆ ಕೆಲಸ ಮಾಡುವವರಿಗೆ ನಮ್ಮ ಲ್ಯಾಬಿನ ಪದ್ಧತಿ ಗೊತ್ತಿರುವುದಿಲ್ಲ.

ಬಸ್ ಸ್ಟಾಪಿನಲ್ಲಿ ಚಿಕ್ಕಪ್ಪ ಎಕ್ಸ್‌ರೇಯನ್ನು ಸುರುಳಿ ಸುತ್ತಿ ನನ್ನ ಚೀಲಕ್ಕೆ ಹಾಕಿದರು.

"ಚಿಕ್ಕಮ್ಮಂಗೆ ಹೇಳ್ಬೇಡ ಮಗಳೇ. ಫ್ಯಾನ್ ವಿಷ್ಯ ನಾನೇ ಸಾರ್ ಹತ್ರ ಮಾತಾಡ್ತೀನಿ."

"ಯಾವಾಗ ಚಿಕ್ಕಪ್ಪ?"

"ಅವರು ಚೆನ್ನಾಗಿ ನಗ್ತಾ ಇರೋವಾಗ. ನಗ್ತಾ ಇರೋ ಮನುಷ್ಯ ಇಲ್ಲ ಅನ್ನಲ್ಲ."

ಉಪಾಯವೇನೋ ಚೆನ್ನಾಗಿತ್ತು. ತೊಡಕು ಒಂದೇ. ಯಜಮಾನರು ನಕ್ಕರೆ ಚಿಕ್ಕಪ್ಪನೂ ನಗಬೇಕು. ಚಿಕ್ಕಪ್ಪ ನಕ್ಕರೆ ಕೆಮ್ಮು ಬರುತ್ತದೆ. ಕೆಮ್ಮು ನಿಂತು ಕಣ್ಣೊರೆಸಿಕೊಂಡು ನೋಡುವ ಹೊತ್ತಿಗೆ ಯಜಮಾನರು ಗಾಜಿನ ಕೋಣೆಯೊಳಗೆ ಫೋನಿನಲ್ಲಿರುತ್ತಾರೆ. ಹೀಗೆ ನಾಲ್ಕು ಸಲ ಆಯಿತು. ನಾಲ್ಕನೇ ಸಲ ಚಿಕ್ಕಪ್ಪ "ಸಾರ್, ಫ್ಯಾ" ವರೆಗೂ ಹೋಗಿದ್ದರು.

ಅಷ್ಟರಲ್ಲಿ ಆ ಪದ ಬಂತು.

ಆ ದಿನ ಯಜಮಾನರು ಹಾಳೆ ಹರಿದು ಎರಡು ಸಲ ಮನಸ್ಸಿನಲ್ಲಿ ಓದಿಕೊಂಡರು. ಮೂರನೇ ಸಲ ನಮಗೆ ಓದಿದರು. ಅಬ್ದೇರಿಯನ್. ಅಪಾರವಾಗಿ ನಗುವ, ನಗುವಿಗೆ ಸಂಬಂಧಿಸಿದ. ಪ್ರಾಚೀನ ಗ್ರೀಕ್ ನಗರ ಅಬ್ದೆರಾದ ಖ್ಯಾತಿಯಿಂದ ಬಂದ ಪದ. ಓದಿದವರು ಜೋಕು ಹೇಳಲಿಲ್ಲ. ಮುಖ ಕೆಂಪಾಗಿತ್ತು. ಚಿಕ್ಕಪ್ಪ ಯಾವುದಕ್ಕೂ ಇರಲಿ ಎಂದು ಸ್ವಲ್ಪ ನಕ್ಕು ನೋಡಿದರು. ಯಜಮಾನರು ಕೈ ಎತ್ತಿ ಅವರನ್ನು ನಿಲ್ಲಿಸಿದರು. ಇಪ್ಪತ್ತೆರಡು ವರ್ಷದಲ್ಲಿ ಅದು ಮೊದಲ ಸಲವಂತೆ.

"ನೋಡ್ರಪ್ಪ," ಎಂದರು ಯಜಮಾನರು. "ಎರಡೂವರೆ ಸಾವಿರ ವರ್ಷದ ಹಿಂದೆ ನಗೋದಕ್ಕೇ ಹೆಸರಾದ ಒಂದು ಊರಿತ್ತಂತೆ. ನಾವು ಇಲ್ಲಿ ತಯಾರು ಮಾಡೋದು ಏನು? ಹಲ್ಲಲ್ಲ, ನಗು. ಹಾಗಂದ್ಮೇಲೆ ನಾವೇ ಅಬ್ದೆರಾ."

ಮೇಣದಕ್ಕನಿಗೆ ಕಣ್ಣು ತುಂಬಿ ಬಂತು. ಅವಳಿಗೆ ಗಂಭೀರವಾಗಿ ಏನು ಹೇಳಿದರೂ ಹಾಗಾಗುತ್ತದೆ.

ಬಾಗಿಲ ಮೇಲಿದ್ದ ಹಳೆಯ ಬೋರ್ಡಿನಲ್ಲಿ ಅಕ್ಷರಗಳು ಅರ್ಧಕ್ಕರ್ಧ ಉದುರಿ, ಬಾಯಿಗೆ ಸೆಟ್ಟು ಬೇಕಾದವರ ಒಸಡಿನಂತೆ ಕಾಣುತ್ತಿತ್ತು. ಹೊಸ ಬೋರ್ಡು, ಹೊಸ ಹೆಸರು ಎಂದು ಆ ಗಳಿಗೆಯಲ್ಲೇ ತೀರ್ಮಾನವಾಯಿತು. ಅಬ್ದೆರಾ ಡೆಂಟಲ್ ಲ್ಯಾಬ್. ಕೆಳಗೆ, ನಗುವವರ ನಗರ. ಬೋರ್ಡು ಬರೆಯುವವನಿಗೆ ಫೋನು ಹೋಯಿತು. ಗೋಡೆಯಷ್ಟು ಅಗಲ ಇರಲಿ, ರಸ್ತೆಯ ಆ ಕೊನೆಗೂ ಕಾಣಲಿ ಎಂದು ಹೇಳುವುದು ಗಾಜಿನಾಚೆಯಿಂದಲೂ ಕೇಳಿಸಿತು. ಹಾಳೆಯನ್ನು ನನ್ನ ಮೇಜಿನ ಮೇಲೆ ಬಿಟ್ಟಿದ್ದರು. ಮುಂಬದಿಯ ಕೆಳಮೂಲೆಯಲ್ಲಿ ಒಂದು ಸಣ್ಣ ಬಾಣದ ಗುರುತು, ಹಿಂದೆ ನೋಡಿ ಎನ್ನುವಂತೆ. ಬಾಣ ನೋಡಿ ಪುಟ ತಿರುಗಿಸುವುದು ಕೈಯಲ್ಲಿ ಸಮಯ ಇರುವವರ ಕೆಲಸ.

ನಾನು ತಿರುಗಿಸಿದೆ. ಯಾವ ಘನ ಕಾರಣಕ್ಕೂ ಅಲ್ಲ. ಮುಂಬದಿಯ ದಪ್ಪ ಶಾಯಿ ಒದ್ದೆ ಹಲ್ಲಿಗೆ ಹತ್ತುತ್ತದೆಂದು ಸೆಟ್ಟುಗಳನ್ನು ಯಾವಾಗಲೂ ಹಿಂಬದಿಯ ಮೇಲೆ ಇಡುವುದು ನನ್ನ ಪದ್ಧತಿ. ಇಡುವ ಮೊದಲು ಓದುತ್ತೇನೆ. ನನ್ನ ಹತ್ತಿರ ಶಾಲೆಯ ಲೈಬ್ರರಿಯ ಡಿಕ್ಷನರಿ ಒಂದಿದೆ. ವಾಪಸ್ ಕೊಡಬೇಕಿತ್ತು. ಶಾಲೆ ನನ್ನನ್ನು ವಾಪಸ್ ಕರೆಯಲಿಲ್ಲ, ನಾನೂ ಪುಸ್ತಕ ವಾಪಸ್ ಕೊಡಲಿಲ್ಲ. ಊಟದ ಬಿಡುವಿನಲ್ಲಿ ಡಬ್ಬಿಯ ಪಕ್ಕ ಅದನ್ನು ಬಿಡಿಸಿಟ್ಟುಕೊಂಡು ಒಂದೊಂದೇ ಪದ ಹುಡುಕುತ್ತೇನೆ. ಉಳಿದ ಹಾಳೆಗಳು ಒಂದು ಮಧ್ಯಾಹ್ನ ತೆಗೆದುಕೊಳ್ಳುತ್ತವೆ. ಅಬ್ದೆರಾಕ್ಕೆ ಮೂರು ಮಧ್ಯಾಹ್ನ ಹಿಡಿಯಿತು. ಮೊದಲ ಮಧ್ಯಾಹ್ನವೇ ಅರ್ಥವಾಗಿತ್ತು. ಉಳಿದೆರಡು, ಅರ್ಥವಾದದ್ದು ಸರಿಯೇ ಎಂದು ನೋಡಲು.

ಅಬ್ದೆರಾದವರು ನಗುವುದಕ್ಕೆ ಹೆಸರಾದದ್ದು ನಿಜ. ಯಾತಕ್ಕೆ ನಗುತ್ತಿದ್ದಾರೆಂದು ತಿಳಿಯದೆ ನಗುವುದಕ್ಕೆ. ಆ ಸೀಮೆಯಲ್ಲೆಲ್ಲ ಅಬ್ದೆರಾದವನು ಎಂದರೆ ದಡ್ಡ ಎಂದೇ ಲೆಕ್ಕವಂತೆ. ಈ ಪದ ಹೊಗಳಿಕೆಯಲ್ಲ, ತಲೆಯಲ್ಲಿ ಏನೂ ಇಲ್ಲದೆ ಹಲ್ಲು ಬಿಡುವವರಿಗೆ ಹೇಳುವ ಮಾತು. ಅದೇ ಊರಿನಲ್ಲಿ ಒಬ್ಬ ಜ್ಞಾನಿ ಇದ್ದ. ಅವನೂ ಸದಾ ನಗುತ್ತಿದ್ದ, ಆದರೆ ಊರವರನ್ನು ನೋಡಿ. ಇವನಿಗೆ ತಲೆ ಕೆಟ್ಟಿದೆ ಎಂದು ಊರವರು ದೂರದಿಂದ ದೊಡ್ಡ ವೈದ್ಯನನ್ನು ಕರೆಸಿದರು. ವೈದ್ಯ ಬಂದು, ಜ್ಞಾನಿಯ ಜೊತೆ ಕೂತು ಮಾತಾಡಿ, ಇವನು ಸರಿಯಾಗಿಯೇ ಇದ್ದಾನೆ, ಮದ್ದು ಬೇಕಾದದ್ದು ನನ್ನನ್ನು ಕರೆಸಿದವರಿಗೆ ಎಂದನಂತೆ. ಹೀಗೊಂದು ಹಳೆಯ ಕಥೆ ಇದೆ ಎಂದಿತ್ತು ಹಾಳೆ. ಅದನ್ನು ಕೇಳಿ ಅಬ್ದೆರಾದವರು ಏನು ಮಾಡಿದರೆಂದು ಬರೆದಿರಲಿಲ್ಲ. ನಕ್ಕಿರಬೇಕು.

ಮೂರನೇ ದಿನದ ಸಂಜೆ ಬಸ್ಸಿಳಿದು ನಡೆಯುವಾಗ ಚಿಕ್ಕಪ್ಪನಿಗೆ ಎಲ್ಲವನ್ನೂ ಹೇಳಿದೆ. ಅವರು ಎರಡು ಕಡೆ ನಿಂತು ಉಸಿರು ತೆಗೆದುಕೊಂಡರು. ಮೂರು ತಿಂಗಳ ಹಿಂದೆ ಅದೇ ದಾರಿಯಲ್ಲಿ ಅವರಿಗೆ ನಿಲ್ಲುವ ಅಗತ್ಯ ಇರಲಿಲ್ಲ.

"ಸರಿಯಾಗಿ ಓದಿದ್ಯಾ?" ಎಂದರು.

"ಮೂರು ಸಲ."

ಚಿಕ್ಕಪ್ಪ ಯೋಚಿಸಿದರು. ಬೋರ್ಡು ಬರೆಯಲು ಕೊಟ್ಟಾಗಿದೆ. ಈಗ ಹೋಗಿ, ಸಾರ್ ನೀವು ದಡ್ಡರ ಊರಿನ ಹೆಸರಿಟ್ಟಿದ್ದೀರಿ ಎಂದರೆ ಅವರ ಮುಖ ಬಾಡುತ್ತದೆ. ಬಾಡಿದ ಮುಖದಿಂದ ಫ್ಯಾನು ಬರುವುದಿಲ್ಲ. ಅದೇ ಬೋರ್ಡು ಹಾಕಿದ ದಿನ ಅವರಷ್ಟು ಸಂತೋಷದ ಮನುಷ್ಯ ಊರಿನಲ್ಲಿ ಇರುವುದಿಲ್ಲ. ಅವತ್ತು ಕೇಳಿದರೆ ಒಂದಲ್ಲ, ಎರಡು ಫ್ಯಾನು ಬಂದರೂ ಬಂದೀತು. ಹೆಸರಿನ ವಿಷಯ ಆಮೇಲೆ ನೋಡಿಕೊಳ್ಳಬಹುದು, ಅಥವಾ ನೋಡಿಕೊಳ್ಳದೆಯೂ ಇರಬಹುದು. ಅಷ್ಟು ದೂರದ ಊರಿನವರು ಬಂದು ಕೇಳುತ್ತಾರೆಯೇ? ಹೀಗೆಲ್ಲ ಹೇಳಿ, ಕೊನೆಗೆ ನನ್ನ ತಲೆ ಮುಟ್ಟಿ, "ನೀನು ಮಾತ್ರ ಬಾಯಿ ಬಿಡ್ಬೇಡ" ಎಂದರು. ಆ ಎಚ್ಚರಿಕೆಯನ್ನು ಜಗತ್ತಿನಲ್ಲಿ ನನಗೆ ಕೊಟ್ಟಷ್ಟು ಅನಗತ್ಯವಾಗಿ ಇನ್ಯಾರಿಗೂ ಕೊಟ್ಟಿರಲಾರರು.

ಬೋರ್ಡು ಮುಂದಿನ ವಾರ ಟೆಂಪೋದಲ್ಲಿ ಬಂತು. ಜೊತೆಗೆ ಇಬ್ಬರು ಕೆಲಸಗಾರರು, ಒಂದು ಏಣಿ, ಒಂದು ಡ್ರಿಲ್. ನೀಲಿ ಹಿನ್ನೆಲೆ, ಬಿಳಿ ಅಕ್ಷರ, ಎರಡು ಬದಿಗೂ ನಗುವ ದವಡೆಯ ಚಿತ್ರ. ಸಂಜೆ ನಾಲ್ಕಕ್ಕೆ ಡಾಕ್ಟರಮ್ಮ ಬಂದು ರಿಬ್ಬನ್ ಕತ್ತರಿಸುವುದೆಂದು ಗೊತ್ತಾಗಿತ್ತು.

ಬೋರ್ಡು ಅದು ಕೂರಬೇಕಾದ ಜಾಗಕ್ಕಿಂತ ಒಂದು ಗೇಣು ಉದ್ದವಾಗಿತ್ತು. ಎಡಕ್ಕೆ ಸರಿಸಿದರೆ ಯಜಮಾನರ ಗಾಜಿನ ಕೋಣೆಯ ಕಿಟಕಿ ಮುಚ್ಚುತ್ತಿತ್ತು. ಅವರಿಗೆ ಗಾಳಿ ಬೇಕು. ಬಲಕ್ಕೆ ಸರಿಸಿದರು. ಏಣಿಯ ಮೇಲಿದ್ದವನು, "ಸಾರ್, ಇಲ್ಲೊಂದು ತೂತಿದೆ, ಏನ್ಮಾಡ್ಲಿ?" ಎಂದು ಕೂಗಿದ. ಯಜಮಾನರು ರಸ್ತೆಯ ಆಚೆ ಬದಿಯಲ್ಲಿ ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದರು.

"ಅದು ಹಳೇ ಫ್ಯಾನು, ಕೆಟ್ಟೋಗಿದೆ. ನೋಡೋಕೂ ಅಸಹ್ಯ. ಅದರ ಮೇಲೇ ಹೊಡೀರಿ."

ಒಳಗೆ ನಾನು ಚಿಕ್ಕಪ್ಪನ ಬೆಂಚಿನ ಪಕ್ಕದಲ್ಲಿದ್ದೆ. ಆ ತೂತಿನಿಂದ ಬೆಂಚಿನ ಮೇಲೆ ತಟ್ಟೆಯಷ್ಟು ದೊಡ್ಡ ಬೆಳಕು ಬೀಳುತ್ತಿತ್ತು. ಫ್ಯಾನು ನಿಂತಿದ್ದರೂ ತೂತು ತೂತಾಗಿಯೇ ಇತ್ತು. ಪುಡಿಯಲ್ಲಿ ಕೊಂಚವಾದರೂ ತನ್ನಷ್ಟಕ್ಕೆ ಹೊರಗೆ ಹೋಗುತ್ತಿತ್ತು. ಬೆಳಕಿನ ತಟ್ಟೆ ಮೊದಲು ಅರ್ಧವಾಯಿತು, ಆಮೇಲೆ ತುಂಡಾಯಿತು, ಆಮೇಲೆ ಇಲ್ಲವಾಯಿತು. ಡ್ರಿಲ್ಲಿನ ಸದ್ದು ಗೋಡೆಯೊಳಗಿಂದ ಬಂತು. ಚಿಕ್ಕಪ್ಪ ತಲೆಯೆತ್ತಿ ಅಲ್ಲಿ ನೋಡಿದರು. ಆಮೇಲೆ ಬೆಂಚಿನ ದೀಪ ಹಾಕಿಕೊಂಡು, ಕೈಯಲ್ಲಿದ್ದ ಮೇಲ್ದವಡೆಯನ್ನು ಸವೆಸತೊಡಗಿದರು. ದೀಪದ ಬೆಳಕಿನಲ್ಲಿ ಪುಡಿ ಎದ್ದು, ತೂತಿದ್ದ ಕಡೆಗೆ ಹೋಗಿ, ದಾರಿ ಕಾಣದೆ ಮೆಲ್ಲಗೆ ವಾಪಸ್ ಬಂದು ಅವರ ಮುಖದ ಮೇಲೆ ಕೂತಿತು.

ನಾನು ಅವರನ್ನೇ ನೋಡುತ್ತಿದ್ದೆ. "ಸಂಜೆ ಕೇಳ್ತೀನಲ್ಲ," ಎಂದರು ಅವರು.

ನಾಲ್ಕಕ್ಕೆ ಡಾಕ್ಟರಮ್ಮನ ಕಾರು ಬಂತು. ಎದುರಿನ ಟೈಲರ್ ಅಂಗಡಿಯವರೂ ಬಾಗಿಲಿಗೆ ಬಂದು ನಿಂತರು. ಯಜಮಾನರು ಕತ್ತರಿಯನ್ನು ತಟ್ಟೆಯಲ್ಲಿಟ್ಟು ಹಿಡಿದರು. ಡಾಕ್ಟರಮ್ಮ ಕಾರಿನಿಂದಿಳಿದು, ತಲೆಯೆತ್ತಿ ಬೋರ್ಡು ಓದಿ, ಅಲ್ಲೇ ನಿಂತುಬಿಟ್ಟರು. ಹಿಂಬದಿ ಓದಿದ ಮುಖ ಹೇಗಿರುತ್ತದೆಂದು ನನಗೆ ಗೊತ್ತು. ಮೂರು ಮಧ್ಯಾಹ್ನ ಅದನ್ನು ನನ್ನ ಊಟದ ಡಬ್ಬಿಯ ಮುಚ್ಚಳದಲ್ಲಿ ನೋಡಿಕೊಂಡಿದ್ದೇನೆ. ಅವರ ತುಟಿ ಒಮ್ಮೆ ಬಿಗಿಯಿತು. ಆಮೇಲೆ ತಡೆಯಲಾಗದೆ ನಕ್ಕರು. ಕಾರಿನ ಬಾಗಿಲು ಹಿಡಿದುಕೊಂಡು ನಕ್ಕರು.

ಯಜಮಾನರಿಗೆ ಸ್ವರ್ಗ ಮೂರೇ ಗೇಣು. ಅವರೂ ನಕ್ಕರು. ಚಿಕ್ಕಪ್ಪ ನಕ್ಕರು. ಮೇಣದಕ್ಕ ಹೆಗಲು ಕುಣಿಸಿದಳು, ಪ್ಲಾಸ್ಟರ್ ಅಣ್ಣ ಒಗೆದ ಪ್ಯಾಂಟಿಗೆ ಮೊದಲ ಹಸ್ತ ಒತ್ತಿದ. ಟೈಲರ್ ಅಂಗಡಿಯವರಿಗೆ ಏನೆಂದು ಗೊತ್ತಿರಲಿಲ್ಲ, ಅವರೂ ನಕ್ಕರು. ಹಾಳೆಯ ಹಿಂಬದಿಯಲ್ಲಿ ಒಂದು ಚಿತ್ರ ಹಾಕಬೇಕಾಗಿದ್ದರೆ ಇದಕ್ಕಿಂತ ಒಳ್ಳೆಯದು ಸಿಗುತ್ತಿರಲಿಲ್ಲ.

"ತುಂಬಾ ಸರಿಯಾದ ಹೆಸರು," ಎಂದರು ಡಾಕ್ಟರಮ್ಮ, ಕಣ್ಣೊರೆಸಿಕೊಂಡು.

"ಎಲ್ಲಾ ನಿಮ್ಮ ಕ್ಯಾಲೆಂಡರಿನ ಆಶೀರ್ವಾದ ಡಾಕ್ಟ್ರಮ್ಮ," ಎಂದರು ಯಜಮಾನರು.

ರಿಬ್ಬನ್ ಕತ್ತರಿಸಿ ಎಲ್ಲರೂ ಒಳಗೆ ಬಂದೆವು. ನಾನು ಟೀ ಹಂಚಿದೆ. ಚಿಕ್ಕಪ್ಪ ಗಾಜಿನ ಕೋಣೆಗೆ ಹೋಗುವ ದಾರಿಗೆ ಅಡ್ಡವಾಗಿ ನಿಂತುಕೊಂಡದ್ದನ್ನು ನೋಡಿದೆ. ಈ ಸಲ ಯಜಮಾನರು ತಪ್ಪಿಸಿಕೊಂಡು ಹೋಗುವಂತಿರಲಿಲ್ಲ. ಚಿಕ್ಕಪ್ಪ ಶರ್ಟಿನ ಮೇಲಿನ ಗುಂಡಿ ಹಾಕಿಕೊಂಡಿದ್ದರು. ಬೆಳಿಗ್ಗೆ ಕನ್ನಡಿಯ ಮುಂದೆ ಅವರು ಆ ಒಂದು ವಾಕ್ಯವನ್ನು ಹೇಳಿಕೊಳ್ಳುತ್ತಿದ್ದದ್ದು ಬಚ್ಚಲ ಬಾಗಿಲಾಚೆಯಿಂದ ನನಗೆ ಕೇಳಿಸಿತ್ತು. ಅದು ಚಿಕ್ಕ ವಾಕ್ಯ. ಒಂದೇ ಉಸಿರಿನಲ್ಲಿ ಮುಗಿಯುವಂಥದ್ದು.

ಯಜಮಾನರು ಡಾಕ್ಟರಮ್ಮನಿಗೆ ಟೀ ಕೊಟ್ಟು, ಅಬ್ದೆರಾದಲ್ಲಿ ಎಲ್ಲರೂ ನಗುತ್ತಿದ್ದರಂತೆ, ಹಲ್ಲೇ ಇಲ್ಲದವರು ಏನು ಮಾಡುತ್ತಿದ್ದರೋ, ನಮ್ಮ ವಿಳಾಸ ಗೊತ್ತಿರಲಿಲ್ಲ ಪಾಪ, ಎಂದರು. ಚಿಕ್ಕಪ್ಪ ನಕ್ಕರು. ನಗದೆ ಬಿಡಬಹುದಿತ್ತು, ಅದೊಂದೇ ಸಲ. ಆದರೆ ಇಪ್ಪತ್ತೆರಡು ವರ್ಷದ ಅಭ್ಯಾಸವನ್ನು ಒಂದು ಸಂಜೆಗೆ ನಿಲ್ಲಿಸಲು ಆಗುವುದಿಲ್ಲ. ನಗು ಅರ್ಧಕ್ಕೆ ಕೆಮ್ಮಾಯಿತು. ಎಂದಿನ ಕೆಮ್ಮಲ್ಲ. ಒಂದರ ಮೇಲೊಂದು ಬಂದು, ಒಳಗೆ ಎಳೆದುಕೊಳ್ಳಲು ಜಾಗವೇ ಕೊಡದ ಕೆಮ್ಮು. ಗೋಡೆ ಹಿಡಿದು ಹಾಗೇ ಕುಸಿದು ನೆಲದ ಮೇಲೆ ಕೂತರು. ಪ್ಲಾಸ್ಟರ್ ಅಣ್ಣ ಬೆನ್ನು ತಟ್ಟಿದ, ಬೆನ್ನ ಮೇಲೆ ಬಿಳಿ ಹಸ್ತ ಮೂಡಿತು. ಮೇಣದಕ್ಕ ನೀರು ತಂದಳು. ಕುಡಿಯಲು ಆಗಲಿಲ್ಲ. ನಾನು ಟೀ ತಟ್ಟೆ ಕೆಳಗಿಟ್ಟು ಅವರ ಪಕ್ಕ ಕೂತೆ.

"ನೋಡಿ ಡಾಕ್ಟ್ರಮ್ಮ," ಎಂದರು ಯಜಮಾನರು, "ನಕ್ಕು ನಕ್ಕು ಸಾಯೋದು ಅಂದ್ರೆ ಇದೇ."

ಎಲ್ಲರೂ ನಕ್ಕರು. ಕೆಮ್ಮು ಸ್ವಲ್ಪ ಇಳಿಯಿತು. ಚಿಕ್ಕಪ್ಪನ ಉಸಿರು ಸೀಟಿಯಂತೆ ಸಣ್ಣಗೆ ಎಳೆಯುತ್ತಿತ್ತು. ಅವರು ತಲೆ ಎತ್ತಲಿಲ್ಲ.

"ಇನ್ನೊಬ್ಳು ಇದಾಳೆ, ಇವನ ಅಣ್ಣನ ಮಗಳು. ಮೂರು ವರ್ಷದಿಂದ ಒಂದೇ ಒಂದ್ಸಲ ನಕ್ಕಿಲ್ಲ. ಅಬ್ದೆರಾಕ್ಕೇ ಅವಮಾನ. ಹಲ್ಲಲ್ಲೇನಾದ್ರೂ ತೊಂದ್ರೆ ಇದ್ಯಾ, ನೀವೇ ಒಂದ್ಸಲ ನೋಡ್ಬಿಡಿ."

ಮತ್ತೆ ನಗು. ನನ್ನನ್ನು ಎಬ್ಬಿಸಿ ಚಿಕ್ಕಪ್ಪನ ಸ್ಟೂಲಿನ ಮೇಲೆ ಕೂರಿಸಿದರು. ಡಾಕ್ಟರಮ್ಮ ಬೆಂಚಿನ ದೀಪವನ್ನು ನನ್ನ ಮುಖಕ್ಕೆ ತಿರುಗಿಸಿ, ಗದ್ದ ಹಿಡಿದು, "ಆ ಅನ್ನು" ಎಂದರು. ಹಳೆಯ ಕಥೆಯಲ್ಲಿ ವೈದ್ಯ ಬಂದದ್ದು ನಗುವವನನ್ನು ನೋಡಲು. ನಮ್ಮ ಅಬ್ದೆರಾ ಅಷ್ಟು ಸುಧಾರಿಸಿತ್ತು. ನಾನು ಬಾಯಿ ತೆರೆದೆ. ಮೂರು ವರ್ಷದಲ್ಲಿ ಆ ಲ್ಯಾಬಿನಲ್ಲಿ ನನ್ನ ಬಾಯಿ ಅಷ್ಟು ಅಗಲವಾಗಿ ತೆರೆದದ್ದು ಅದೇ ಮೊದಲು. ನೋಡಲು ಎಲ್ಲರೂ ಬಗ್ಗಿದರು.

"ಹಲ್ಲು ಚೆನ್ನಾಗೇ ಇವೆ," ಎಂದರು ಡಾಕ್ಟರಮ್ಮ. ಆಮೇಲೆ ದೀಪ ಇನ್ನೂ ಹತ್ತಿರ ಎಳೆದರು. "ನಾಲಿಗೆ ಮೇಲೆ ಏನಿದು ಗುಲಾಬಿ ಪುಡಿ?"

ಟಿಶ್ಯೂ ಕಾಗದದಲ್ಲಿ ನನ್ನ ನಾಲಿಗೆ ಒರೆಸಿ ನೋಡಿದರು. ಬೆರಳಿನಿಂದ ತಿಕ್ಕಿ ನೋಡಿದರು. ಬೆಂಚು ನೋಡಿದರು, ಬೆಂಚಿನ ಮೇಲಿನ ಗೋಡೆ ನೋಡಿದರು. ಅಲ್ಲಿ ನಿಂತ ಫ್ಯಾನು, ಅದರ ಹಿಂದೆ ತಮ್ಮ ಕೈಯಾರೆ ಉದ್ಘಾಟಿಸಿದ ಬೋರ್ಡಿನ ಬೆನ್ನು. ನೆಲದ ಮೇಲೆ ಕೂತ ಚಿಕ್ಕಪ್ಪನನ್ನು ನೋಡಿದರು. ಕೊನೆಗೆ ನನ್ನನ್ನು ನೋಡಿದರು. ಅವರಿಗೆ ಎಲ್ಲ ಅರ್ಥವಾಗಿದೆ ಎಂದು ನನಗೆ ಅರ್ಥವಾಯಿತು. ಕಥೆಯ ವೈದ್ಯ ಹೇಳಿದ ಮಾತನ್ನು ಹೇಳುತ್ತಾರೆ ಎಂದುಕೊಂಡು, ಬಾಯಿ ತೆರೆದೇ ಕಾದೆ.

ಡಾಕ್ಟರಮ್ಮ ಟಿಶ್ಯೂವನ್ನು ನಾಲ್ಕಾಗಿ ಮಡಿಸಿ ಕಸದ ಬುಟ್ಟಿಗೆ ಹಾಕಿದರು. ಗಡಿಯಾರ ನೋಡಿಕೊಂಡರು.

"ನಾಳೆ ನಂಗೆ ಹನ್ನೆರಡು ಸೆಟ್ ಬೇಕಿತ್ತಲ್ಲ. ಟೈಮಿಗೆ ಬರುತ್ತಾ?"

"ಬರ್ದೇ ಎಲ್ಲಿ ಹೋಗುತ್ತೆ," ಎಂದರು ಯಜಮಾನರು. "ಇವತ್ತೇ ಕೂತು ಮುಗಿಸ್ತಾನೆ." ಹೇಳಿ ಚಿಕ್ಕಪ್ಪನ ಕಡೆ ಕೈ ತೋರಿಸಿದರು.

ನನ್ನ ಬಾಯಿ ಇನ್ನೂ ತೆರೆದೇ ಇತ್ತು. ತೆರೆಯುವ ಕಷ್ಟದ ಕೆಲಸ ಮುಗಿದಿತ್ತು. ಬಚ್ಚಲ ಬಾಗಿಲಾಚೆಯಿಂದ ಕೇಳಿದ ಆ ವಾಕ್ಯ, ನನ್ನದೂ ಒಂದೆರಡು ಮಾತು ಸೇರಿಕೊಂಡು, ಅದರಿಂದ ಹೊರಗೆ ಬಂತು.

"ಸಾರ್, ಬೋರ್ಡು ಪಕ್ಕಕ್ಕೆ ಸರಿಸಿ ಆ ಫ್ಯಾನ್ ರಿಪೇರಿ ಮಾಡಿಸಿ. ಚಿಕ್ಕಪ್ಪಂಗೆ ಉಸಿರಾಡೋಕೆ ಆಗ್ತಿಲ್ಲ."

ಯಜಮಾನರು ನನ್ನನ್ನು ನೋಡಿದರು. ಅವರ ಮುಖದಲ್ಲಿ ಒಂದು ಜೋಕು ತಯಾರಾಗುತ್ತಿರುವುದು ಕಂಡಿತು. ತುಟಿಯ ತುದಿ ಮೇಲೆದ್ದಿತು. "ಸೀರಿಯಸಮ್ಮ ಮಾತಾಡಿದ್ಲು ಅಂದ್ರೆ," ಎಂದು ಶುರು ಮಾಡಿ, ಅಭ್ಯಾಸದಂತೆ ಅಷ್ಟಕ್ಕೇ ನಿಲ್ಲಿಸಿ, ಮೊದಲ ನಗುವಿಗೆ ಕಾದರು. ಮೇಣದಕ್ಕ ಬಾಯಿಗೆ ಕೈ ಅಡ್ಡ ಹಿಡಿದು ಕಾದಳು. ಪ್ಲಾಸ್ಟರ್ ಅಣ್ಣನ ಹಸ್ತ ತೊಡೆಯ ಮೇಲೆ ಒಂದು ಗೇಣು ಎತ್ತರದಲ್ಲಿ ನಿಂತಿತ್ತು. ಎಲ್ಲರೂ ನೆಲದ ಕಡೆ ನೋಡಿದರು.

ಮೊದಲು ನಗಬೇಕಾದವರು ಗೋಡೆಗೊರಗಿ, ಕಣ್ಣು ಮುಚ್ಚಿ, ಒಂದೊಂದೇ ಉಸಿರನ್ನು ಹುಡುಕಿ ತೆಗೆದುಕೊಳ್ಳುತ್ತಿದ್ದರು.

ಯಜಮಾನರು ಟೀ ಕಪ್ಪಿನೊಳಗೆ ನೋಡಿಕೊಂಡರು. ಡಾಕ್ಟರಮ್ಮ ಕೈಚೀಲದಲ್ಲಿ ಕಾರಿನ ಕೀ ಹುಡುಕತೊಡಗಿದರು. ಮೇಜಿನ ಮೇಲೆ ಸಾಲಾಗಿ ಕೂತ ದವಡೆಗಳು ಮಾತ್ರ ನಗುತ್ತಿದ್ದವು.

"ಫ್ಯಾನ್ ರಿಪೇರಿ ಮಾಡಿಸಿ, ಸಾರ್," ಎಂದೆ.